ಪಿಯಾನೊ ಮುಂದಿದ್ದ ದಿನಗಳು

ಈ ವಾರವೆಲ್ಲ ಕೆನಡಾದ ಜಾಝ್ ಗಾಯಕಿ, ಪಿಯಾನೊ ವಾದಕಿ ಡಯಾನಾ ಕ್ರಾಲ್ ಅವರ ಮೊದಲ ಆಲ್ಬಮ್ ‘ಸ್ಟೆಪಿಂಗ್ ಔಟ್’ ಕೇಳುತ್ತಿದ್ದೇನೆ. 1993ರಲ್ಲಿ ಮಾಂಟ್ರಿಯಲ್‌ನ ಜಸ್ಟಿನ್ ಟೈಮ್ ಸಂಸ್ಥೆ ಹೊರತಂದದ್ದು. ಅವರ ಪಿಯಾನೊ, ಜಾನ್ ಕ್ಲೇಟನ್ ಅವರ ಬೇಸ್, ಜೆಫ್ ಹ್ಯಾಮಿಲ್ಟನ್ ಅವರ ಡ್ರಮ್ಸ್, ಅಷ್ಟೇ. ನಂತರದ ಆಲ್ಬಮ್‌ಗಳ ತಂತಿವಾದ್ಯಗಳ ದೊಡ್ಡ ಮೇಳ ಇಲ್ಲಿಲ್ಲ, ನನಗೆ ಅದೇ ಇಷ್ಟ. ದನಿ ಇನ್ನೂ ಎಳೆಯದು. ಬೆರಳುಗಳಿಗೆ ಮಾತ್ರ ಯಾವ ಸಂಕೋಚವೂ ಇಲ್ಲ. ಸಾಲು ಮುಗಿಯುವುದನ್ನೂ ಕಾಯದೆ ಪಿಯಾನೊ ಮಾತನ್ನು ಎತ್ತಿಕೊಳ್ಳುತ್ತದೆ. ತಾನೇ ಹಾಡಿ ತಾನೇ ನುಡಿಸುವವರಿಗೆ ಎಲ್ಲಿ ಉಸಿರು ಬೇಕೆಂದು ಮತ್ತೊಬ್ಬರಿಗೆ ಹೇಳಬೇಕಾಗಿಲ್ಲವಲ್ಲ! ಹಾಡಲು ಹಿಂಜರಿಯುತ್ತಿದ್ದ ಅವರನ್ನು ಲಾಸ್ ಏಂಜಲೀಸ್‌ನಲ್ಲಿ ಹುರಿದುಂಬಿಸಿದವರು ಗುರು ಜಿಮ್ಮಿ ರೌಲ್ಸ್, ಅವರೂ ಪಿಯಾನೊ ವಾದಕರೇ. ಹೆಸರು ಬರುವ ಮುಂಚಿನ ಕಲಾವಿದರ ಧ್ವನಿಮುದ್ರಣಗಳನ್ನು ನಾವು ಇನ್ನಷ್ಟು ಹುಡುಕಿ ಕೇಳಬೇಕು. ಈ ಆಲ್ಬಮ್‌ನಲ್ಲಿ ವಾದಕಿಯೇ ಮುಂದೆ, ಗಾಯಕಿ ಅವಳ ಹಿಂದೆಯೇ ಬರುತ್ತಿದ್ದಾಳೆ.