ಬ್ರೆಜಿಲ್ ಜಾಸ್ತಿನೋ ಇಂಡೋನೇಷ್ಯಾನೋ? ಡಾಟಾ ಕ್ಲಾಸಿನ ಕಾಡಿನ ಲೆಕ್ಕ

ವಿಜಯಪುರದಾಗ ಕಾಂಪಿಟೇಟಿವ್ ಎಕ್ಸಾಂ ಹುಡುಗ್ರಿಗೆ ಡಾಟಾ ಇಂಟರ್‌ಪ್ರಿಟೇಶನ್ ಹೇಳೋದು ನನ್ನ ಕೆಲಸ. ಪರ್ಸೆಂಟೇಜ್ ಲೆಕ್ಕ ಎಲ್ಲಾರೂ ಪಟಪಟ ಮಾಡ್ತಾರ, ಆದ್ರ ಎರಡು ದೇಶದ ಗ್ರಾಫ್ ಮುಂದಿಟ್ಟು ಯಾರ ಕಾಡು ಜಾಸ್ತಿ ಹಾಳಾಗೇತಿ ಅಂತ ಕೇಳಿದ್ರ ಉದ್ದನೆ ಕಡ್ಡಿ ಯಾವುದೈತಿ ನೋಡಿ ಟಿಕ್ ಹೊಡದುಬಿಡ್ತಾರ.

ಅದಕ್ಕ ಬೋರ್ಡ್ ಮ್ಯಾಲ ನಾಕ ನಂಬರ್ ಬರೀತೀನಿ, ವಿಶ್ವಸಂಸ್ಥೆಯ ಆಹಾರ ಮತ್ತ ಕೃಷಿ ಸಂಸ್ಥೆ, ಅಂದ್ರ ಎಫ್‌ಎಒ, ಅದರ 2020ರ ವರದಿಯವು. ಬ್ರೆಜಿಲ್‌ನಾಗ 1990ಕ್ಕ 58.89 ಕೋಟಿ ಹೆಕ್ಟೇರ್ ಕಾಡಿತ್ತು, 2020ಕ್ಕ 49.66 ಕೋಟಿ. ಇಂಡೋನೇಷ್ಯಾದಾಗ 11.85 ಕೋಟಿ ಇದ್ದದ್ದು 9.21 ಕೋಟಿಗೆ ಬಂತು. ಕಳದ್ರ ಅಲ್ಲಿ 9.23 ಕೋಟಿ, ಇಲ್ಲಿ 2.64 ಕೋಟಿ, ಇಡೀ ಕ್ಲಾಸು "ಬ್ರೆಜಿಲ್ ಸರ್" ಅಂತ ಕೂಗ್ತೈತಿ. ಇದ್ದದ್ದರಾಗ ಎಷ್ಟು ಹೋತು ನೋಡ್ರಿ ಅಂದಾಗ ಬ್ರೆಜಿಲ್ ನೂರಕ್ಕ ಸುಮಾರು 16, ಇಂಡೋನೇಷ್ಯಾ 22, ಆವಾಗ ಪೆನ್ನು ನಿಲ್ತಾವು. ಇಂಡಿ, ಸಿಂದಗಿ ಕಡೆ ಹುಡುಗ್ರಿಗೆ ಇದು ಲಗೂನ ತಿಳೀತೈತಿ, ಯಾಕಂದ್ರ ನಮ್ಮ ಜಿಲ್ಲೆದಾಗ ಕಾಡು ನೂರಕ್ಕ ಒಂದೂ ಇಲ್ಲ, ದಟ್ಟ ಕಾಡಿರೋ ಖಾನಾಪುರ ಕಡೆ ನೂರು ಎಕರೆ ಹೋಗೋದಕ್ಕೂ ಇಲ್ಲಿ ನೂರು ಎಕರೆ ಹೋಗೋದಕ್ಕೂ ಭಾಳ ಫರಕ್ ಐತಿ. ಹಂಗಂತ ಬ್ರೆಜಿಲ್ ಪಾಸಾತು ಅಂತಲ್ಲ ಮತ್ತ, ಕಾರ್ಬನ್ ಲೆಕ್ಕ ಹಾಕುವಾಗ ಹೆಕ್ಟೇರೇ ಬೇಕು, ಗಾಳಿಗೆ ಪರ್ಸೆಂಟ್ ಗೊತ್ತಾಗಂಗಿಲ್ಲ.

ನನಗ ಇದಕ್ಕಿಂತ ಮಜಾ ಅನ್ಸೋದು ಮೂವತ್ತು ವರ್ಷನ ಹತ್ಹತ್ತು ಮಾಡಿ ಒಡದಾಗ. ಬ್ರೆಜಿಲ್ ಮೊದಲ ಹತ್ತು ವರ್ಷದಾಗ 3.78 ಕೋಟಿ ಕಳಕೊಂತು, ಆಮ್ಯಾಲ 3.95, ಕಡೀಕ 1.50. ದನ ಮೇಯಿಸೋ ಬಯಲಿಗೆ, ಸೋಯಾಕ್ಕ ಅಂತ ಕಡೀತಿದ್ರು, 2004ರಿಂದ ಸ್ಯಾಟಲೈಟ್ ಅಲರ್ಟ್ ಇಟ್ಕೊಂಡು ಸರ್ಕಾರ ಅಮೆಜಾನ್‌ನಾಗ ಬಿಗಿ ಮಾಡ್ತು. ಇಂಡೋನೇಷ್ಯಾದ್ದು 1.73 ಕೋಟಿ, ಆಮ್ಯಾಲ ಬರೇ 16 ಲಕ್ಷ, ಮತ್ತ 75 ಲಕ್ಷ. ಒಂದು ಇಳೀತು, ಇನ್ನೊಂದು ಇಳದು ಮತ್ತ ಏರ್ತು, 1990 ಮತ್ತ 2020 ಎರಡನ್ನ ನೋಡಿದ್ರ ಇದು ಕಾಣಂಗೇ ಇಲ್ಲ.

ಇನ್ನೊಂದು, ಟೆಲಿಗ್ರಾಂನಾಗ ಓಡಾಡೋ ಪಿಡಿಎಫ್ ನೋಟ್ಸ್ ಕಥಿ. ಅದರಾಗ ಬ್ರೆಜಿಲ್‌ಗೆ ಇನ್‌ಪೆ (ಅಲ್ಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ) ನಂಬರ್, ಇಂಡೋನೇಷ್ಯಾಕ್ಕ ಎಫ್‌ಎಒ ನಂಬರ್, ಎರಡನೂ ಒಂದ ಟೇಬಲ್‌ನಾಗ ತುರುಕಿರ್ತಾರ. ಇನ್‌ಪೆದವರ ಆ ಲೆಕ್ಕ ಅಮೆಜಾನ್‌ದಷ್ಟ, ಅದೂ ಆಗಸ್ಟ್‌ನಿಂದ ಜುಲೈತನಕ ಒಂದು ವರ್ಷ ಅಂತ. ಎಫ್‌ಎಒ ಇಡೀ ದೇಶದ್ದು ಕೊಡ್ತೈತಿ.

ಮೊನ್ನೆ ಹಿಂದಿನ ಬೆಂಚಿನ ಹುಡುಗಿ ಒಬ್ಬಾಕಿ ಕೇಳಿದ್ಲು, "ಸರ್, ತಾಳೆಎಣ್ಣಿ ತೋಟ ಜೋರು ಬೆಳೆದಿದ್ದು 2000ದ ಮ್ಯಾಲ ಅಲ್ರಿ? ಮತ್ತ 16 ಲಕ್ಷ ಅಷ್ಟ ಹೆಂಗ?" ಭಾಳ ಚಲೋ ಪ್ರಶ್ನೆ, ಬೋರ್ಡ್ ಅರ್ಧ ಅಳಿಸಿ ಹೇಳ್ದೆ. ಎಫ್‌ಎಒ ಲೆಕ್ಕದಾಗ ತಾಳೆ ತೋಟ ಕಾಡಲ್ಲ, ಅದು ಕೃಷಿ, ಆದ್ರ ಪೇಪರ್ ಮಿಲ್ಲಿಗೆ ಹಾಕಿದ ಅಕೇಶಿಯಾ, ನೀಲಗಿರಿ ಪ್ಲಾಂಟೇಶನ್ ಕಾಡು. ಮ್ಯಾಲ ಆ 16 ಲಕ್ಷ ಅನ್ನೋದು ಕಡದದ್ದರಾಗ ಹೊಸದಾಗಿ ಬೆಳೆದದ್ದು ಕಳದು ಉಳದ ನಂಬರ್, ಕಡದದ್ದು ಅದಕ್ಕಿಂತ ಜಾಸ್ತಿನ ಇರ್ತೈತಿ. ಆ ಹತ್ತು ವರ್ಷ ಇಂಡೋನೇಷ್ಯಾದಾಗ ಕಾಡು ಸೇಫ್ ಇತ್ತು ಅಂತ ಟೆಸ್ಟ್‌ನಾಗ ಬರದ್ರ ಎರಡು ಮಾರ್ಕ್ಸ್ ಕಟ್ ಅಂತನೂ ಹೇಳೇನಿ.