ಇಲ್ಲ, ಸದಾಶಿವಗಡ ಗೋವಾದಲ್ಲಿಲ್ಲ

ನನ್ನ ಊರಿನ ಹೆಸರು ಹೇಳಿದಾಗಲೆಲ್ಲ ಬರುವ ಪ್ರಶ್ನೆ ಇದು: "ಸದಾಶಿವಗಡನಾ? ಅದು ಗೋವಾ ಅಲ್ವಾ?"

ಅಲ್ಲ.

ಉತ್ತರ ಇಷ್ಟೇ. ಆದರೆ ಕೇಳಿದವರು ಇಷ್ಟಕ್ಕೆ ಬಿಡುವುದಿಲ್ಲ. "ಹೌದಾ? ನಾನು ಗೋವಾ ಅಂದ್ಕೊಂಡಿದ್ದೆ" ಅನ್ನುತ್ತಾರೆ, ತಪ್ಪು ನನ್ನದೇ ಅನ್ನೋ ಹಾಗೆ. ಆಮೇಲೆ "ಮತ್ತೆ ಮನೇಲಿ ಕೊಂಕಣಿ ಯಾಕೆ?" ಅಂತ ಕೇಳುತ್ತಾರೆ. ಕೊನೆಗೆ ಆಚೀಚೆ ನೋಡಿ, ದನಿ ತಗ್ಗಿಸಿ, "ಬರ್ತಾ ಎರಡು ಬಾಟ್ಲಿ ತರೋಕಾಗತ್ತಾ?" ಇಪ್ಪತ್ತು ವರ್ಷದಿಂದ ಬಸ್ಸಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಕೆಲಸದ ಇಂಟರ್‌ವ್ಯೂನಲ್ಲೂ ಉತ್ತರ ಹೇಳಿದ್ದೇನೆ. ಬಾಯಿ ನೋಯುತ್ತದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ನಕ್ಷೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕಾಳಿ ನದಿ ಜೋಯಿಡಾ ಕಡೆ ದಿಗ್ಗಿ ಹತ್ತಿರ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ತೆಂಕಣ ದಂಡೆಯಲ್ಲಿ ಕೋಡಿಬಾಗ, ಅದರ ಮುಂದೆ ಪೇಟೆ, ಕೋರ್ಟು, ಕಚೇರಿಗಳು. ಬಡಗಣ ದಂಡೆಯಲ್ಲಿ ನಾವು. ಅವರದ್ದು ನಗರಸಭೆ, ನಮ್ಮದು ಚಿತ್ತಾಕುಲ ಗ್ರಾಮ ಪಂಚಾಯ್ತಿ. ಗೋವಾ ಇನ್ನೂ ಮುಂದೆ, ಮಾಜಾಳಿ ದಾಟಿದ ಮೇಲೆ. ನಮ್ಮ ಮನೆಗೆ ಜಿಲ್ಲಾಧಿಕಾರಿ ಕಚೇರಿ ಹತ್ತಿರ, ಗೋವಾ ದೂರ. ದಿನಾ ಸ್ಕೂಟಿಯಲ್ಲಿ ಬ್ರಿಜ್ ದಾಟಿ ಕೆಲಸಕ್ಕೆ ಹೋಗುವವಳು ಹೇಳುತ್ತಿದ್ದೇನೆ, ನಂಬಿ.

ಶಿರಸಿಯವರು ಕೇಳಿದರೆ ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಯಾಕೆಂದರೆ ಈ ಹೆಸರು ಬಂದದ್ದೇ ಅವರ ಕಡೆಯಿಂದ. ಸೋಂದೆಯ ಅರಸ ಬಸವಲಿಂಗ ಇಲ್ಲಿ ಕೋಟೆ ಕಟ್ಟಿಸಿ ತನ್ನ ಅಪ್ಪ ಸದಾಶಿವನ ಹೆಸರಿಟ್ಟ. ನಿಮ್ಮ ಅರಸ ಘಟ್ಟ ಇಳಿದು ಬಂದು ಹೆಸರಿಟ್ಟು ಹೋದ, ನೀವು ಬಸ್ಸಿನಲ್ಲಿ ಕೂತು ಅದು ಯಾವ ರಾಜ್ಯ ಅಂತ ಕೇಳುತ್ತೀರಿ. ಹಾಂ, 1752ರಲ್ಲಿ ಪೋರ್ತುಗೀಜರು ಕೋಟೆ ಹಿಡಿದದ್ದು ನಿಜ. ಆಗ ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ನೀವು ಬಂದದ್ದು ತಡವಾಯಿತು.

ಕೊಂಕಣಿ ಯಾಕೆ ಅಂದರೆ, ಕಾರವಾರದಲ್ಲಿ ಮನೆಮನೆಯಲ್ಲೂ ಕೊಂಕಣಿ. ಅದಕ್ಕೆ ಗೋವಾದವರ ಅನುಮತಿ ಬೇಕಿಲ್ಲ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರಲ್ಲಿ ಅಲ್ಲಿಂದ ತೆಗೆದು ಮೈಸೂರು ರಾಜ್ಯಕ್ಕೆ. 1961ರ ಡಿಸೆಂಬರ್ ತನಕ ಮಾಜಾಳಿಯ ಆಚೆ ಪೋರ್ತುಗೀಜರ ಆಡಳಿತ. ನನ್ನ ಆಜಿ ಶಾಲೆಯಲ್ಲಿ ಓದಿದ್ದು ಮರಾಠಿ, ನಮ್ಮನ್ನು ಬೈದದ್ದು ಕೊಂಕಣಿಯಲ್ಲಿ, ರೇಷನ್ ಕಾರ್ಡು ಬಂದದ್ದು ಕನ್ನಡದಲ್ಲಿ. ಆಜಿ ಮಾತ್ರ ಅದೇ ಬಾವಿಕಟ್ಟೆ ಹತ್ತಿರ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು.

ನಾನು ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದೆ, 2024ರ ಆಗಸ್ಟ್ 7ರ ತನಕ. ಅವತ್ತು ನಡುರಾತ್ರಿ ಕಳೆದು ಒಂದು ಗಂಟೆ ಹೊತ್ತಿಗೆ ಕಾಳಿಯ ಹಳೇ ಬ್ರಿಜ್ ಕುಸಿಯಿತು. ನಾಲ್ಕು ದಶಕ ಹಳೆಯದು. ಮೇಲೆ ಬರುತ್ತಿದ್ದ ಒಂದು ಲಾರಿ ನದಿಗೆ ಬಿತ್ತು. ತಮಿಳುನಾಡಿನ ಚಾಲಕ. ಮೀನುಗಾರರು, ಪೊಲೀಸರು ಸೇರಿ ಆತನನ್ನು ಜೀವಂತ ಎತ್ತಿ ತಂದರು. ಪಕ್ಕದಲ್ಲಿ ಹೊಸ ಬ್ರಿಜ್ ಇದೆ, ಅದರ ಮೇಲೂ ಸ್ವಲ್ಪ ಹೊತ್ತು ಓಡಾಟ ನಿಲ್ಲಿಸಿದ್ದರು. ಕೇರಿಯಲ್ಲಿ ಯಾರೂ ಮಲಗಲಿಲ್ಲ. ಮಳೆ ಬೇರೆ. ನಾವೆಲ್ಲ ಕೊಡೆ ಹಿಡಿದು, ಯಾರು ಯಾರು ಅವತ್ತು ರಾತ್ರಿ ಪೇಟೆ ಕಡೆ ಹೋಗಿದ್ದಾರೆ ಅಂತ ಒಬ್ಬೊಬ್ಬರ ಹೆಸರು ಹೇಳಿ ಲೆಕ್ಕ ಹಾಕುತ್ತಿದ್ದೆವು.

ಬೆಳಿಗ್ಗೆ ಏಳಕ್ಕೆ ಫೋನ್. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವನು. ಒಳ್ಳೆಯವನೇ. ಹಿಂದೊಮ್ಮೆ ನಮ್ಮ ಮನೆಯಲ್ಲಿ ಮೂರು ದಿನ ಇದ್ದು, ಆಯಿಯ, ಅಂದರೆ ಅಮ್ಮನ, ಕೈಯಲ್ಲಿ ಬಂಗಡೆ ಹುರಿಸಿಕೊಂಡು ತಿಂದು ಹೋದವನು.

"ಟೀವೀಲಿ ನೋಡ್ದೆ. ಎಲ್ಲರೂ ಆರಾಮಾ?"

"ಆರಾಮು."

"ಅಯ್ಯೋ ದೇವರೇ. ಹಾಗಾದ್ರೆ ಇನ್ನು ನೀವು ಕರ್ನಾಟಕಕ್ಕೆ ಹೇಗೆ ಬರ್ತೀರಾ?"

ನಾನು ಫೋನ್ ಕಿವಿಯಿಂದ ತೆಗೆದು ಒಮ್ಮೆ ನೋಡಿದೆ. ಮೂರು ದಿನ ಅನ್ನ ಹಾಕಿದ ಮನೆ ಯಾವ ರಾಜ್ಯದಲ್ಲಿದೆ ಅಂತ ಅವನಿಗೆ ಗೊತ್ತಿಲ್ಲ. "ವೀಸಾ ಮಾಡಿಸ್ಕೊಂಡು ಬರ್ತೀವಿ" ಅಂದೆ. ಅವನು ನಕ್ಕ. ನಾನು ನಗಲಿಲ್ಲ. ಎರಡು ದಿನ ಬಿಟ್ಟು ಸಾರಿ ಅಂತ ಮೆಸೇಜ್ ಹಾಕಿದ, ಜೊತೆಗೆ ನಗುವ ಮುಖ ಮೂರು.

ಅವನೊಬ್ಬನನ್ನೇ ಯಾಕೆ ಬೈಯಲಿ? ಕಾರವಾರ ಪೇಟೆಯವರೂ ಕಮ್ಮಿ ಇಲ್ಲ. ಅವರಿಗೆ ನಾವು "ಬ್ರಿಜ್ ಆಚೆಯವರು". ಆಚೆ ಅಂದರೆ ಯಾರಿಗೆ ಆಚೆ? ನನ್ನ ಅಂಗಳದಲ್ಲಿ ನಿಂತರೆ ಕೋಡಿಬಾಗವೇ ಆಚೆ. ಆದರೆ ಕಚೇರಿ ಯಾವ ದಂಡೆಯಲ್ಲಿದೆಯೋ ಅದು ಈಚೆ ಆಗಿಬಿಡುತ್ತದೆ. ನಾಚಿಕೆ ಅಂದರೆ, ನಾವೂ ಹಾಗೇ ಹೇಳುತ್ತೇವೆ. ನಾನೇ ಕೆಲಸದ ಜಾಗದಲ್ಲಿ, "ನಾನು ಆಚೆಯಿಂದ ಬರಬೇಕಲ್ಲ, ಸ್ವಲ್ಪ ಲೇಟಾಯ್ತು" ಅಂತ ಎಷ್ಟೋ ಸಲ ಹೇಳಿದ್ದೇನೆ. ಲೇಟಾಗಲು ಅದಕ್ಕಿಂತ ಒಳ್ಳೆ ಕಾರಣ ಸಿಗುವುದಿಲ್ಲ.

ಗೋವಾದ ಋಣ ಇಲ್ಲ ಅಂತಲ್ಲ. ನಮ್ಮ ಕೇರಿಯ ಹುಡುಗರು ಬೆಳಗಾದರೆ ಬೈಕ್ ಹತ್ತಿ ಅಲ್ಲಿಗೇ ದುಡಿಯಲು ಹೋಗುತ್ತಾರೆ. ಜೀವಕ್ಕೆ ಬಂದರೆ ಆಂಬುಲೆನ್ಸ್ ಓಡುವುದೂ ಆ ದಿಕ್ಕಿಗೇ. ಆದರೂ ಸಂಜೆ ಎಲ್ಲರೂ ಇಲ್ಲಿಗೇ ವಾಪಸ್ ಬರುತ್ತಾರೆ. ಚವತಿಯಲ್ಲಿ ಗಣಪತಿಯ ಮೇಲೆ ಫಲಾವಳಿ ಕಟ್ಟಲು ಕಾಡುಕಾಯಿ ಹುಡುಕುವುದೂ ಅದೇ ಹುಡುಗರು. ಪುಷ್ಯದ ಹುಣ್ಣಿಮೆಗೆ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಗೆ ದೋಣಿ ಹತ್ತಲು ರಜೆ ಹಾಕುವುದೂ ಅವರೇ. ಗುಡ್ಡದ ಮೇಲೆ ದುರ್ಗಾದೇವಿ ಇದ್ದಾಳೆ, ಊರಲ್ಲಿ ಶಾ ಕರೀಮುದ್ದೀನ್ ದರ್ಗಾ ಇದೆ. ಆಜಿ ಎರಡೂ ಕಡೆ ಹರಕೆ ಹೇಳುತ್ತಿದ್ದಳು. ಒಂದು ಕೆಲಸಕ್ಕೆ ಇಬ್ಬರಿಗೂ ಹೇಳಿಟ್ಟರೆ ಯಾರಾದರೊಬ್ಬರು ಮಾಡಿಕೊಡುತ್ತಾರೆ ಅಂತ ಅವಳ ಲೆಕ್ಕ.

ಕೇಳುವುದಾದರೆ ಬೇರೆ ಏನಾದರೂ ಕೇಳಿ. ರವೀಂದ್ರನಾಥ ಟಾಗೋರರ ವಿಷಯವನ್ನೇ ಕೇಳಿ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ತಮ್ಮ ಬಂದು ಉಳಿದಿದ್ದರು. ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ಪೇಟೆಯವರು ಬೀಚಿಗೆ ಅವರ ಹೆಸರಿಟ್ಟು ಸುಮ್ಮನಾದರು. ಆದರೆ ಒಂದು ಬೆಳದಿಂಗಳ ರಾತ್ರಿ ಅವರು ದೋಣಿಯಲ್ಲಿ ಕಾಳಿಯ ಮೇಲೆ ಹೋಗಿ, ಒಂದು ಹಳೇ ಗುಡ್ಡದ ಕೋಟೆ ನೋಡಿ, ಯಾರೋ ರೈತರ ಗುಡಿಸಿಟ್ಟ ಅಂಗಳದಲ್ಲಿ ಕೂತು ಬುತ್ತಿ ಉಂಡರಂತೆ. ಅವರೇ ನೆನಪಿಸಿಕೊಂಡು ಬರೆದದ್ದು. ಆ ಕೋಟೆ ನಮ್ಮದು ಅಂತ ನಮ್ಮವರ ವಾದ. ಅಂಗಳ ಯಾರದ್ದು ಅಂತ ಒಬ್ಬರೂ ಕೇಳುವುದಿಲ್ಲ. ನಮ್ಮ ಕೇರಿಯಲ್ಲೇ ಮೂರು ಮನೆಯವರು ನಮ್ಮದು ಅನ್ನುತ್ತಾರೆ. ಒಂದು ಮನೆ ಕಟ್ಟಿ ಹದಿನೈದು ವರ್ಷ ಆಗಿಲ್ಲ.

ಅದೂ ಬೇಡ. "ಬ್ರಿಜ್ ಇಲ್ಲದಾಗ ಕೊನೇ ತಾರಿ ತಪ್ಪಿದವರು ಎಲ್ಲಿ ಮಲಗುತ್ತಿದ್ದರು?" ಅಂತ ಕೇಳಿ. ತಾರಿ ಅಂದರೆ ನದಿ ದಾಟಿಸುವ ದೋಣಿ. ಆಯಿ ಹುಡುಗಿಯಾಗಿದ್ದಾಗ ಹೊಲಿಗೆ ಕ್ಲಾಸಿಗೆ ಅದರಲ್ಲೇ ಪೇಟೆಗೆ ಹೋಗುತ್ತಿದ್ದಳಂತೆ. ಮೀನಿನ ಬುಟ್ಟಿ, ಕೋರ್ಟಿನ ಕಾಗದ, ಆಡು, ಮದುಮಗಳು, ಎಲ್ಲಾ ಒಂದೇ ತಾರಿಯಲ್ಲಿ. ಸುಕತಿ ಇದ್ದಾಗ, ಅಂದರೆ ನೀರು ಇಳಿದಾಗ, ಹೆಂಗಸರು ಸೊಂಟದ ತನಕ ನದಿಯಲ್ಲಿ ನಿಂತು ಕಾಲಿನಲ್ಲೇ ತಡವಿ ತಿಸ್ರೆ ಅನ್ನೋ ಚಿಪ್ಪುಮೀನು ಹೆಕ್ಕುತ್ತಿದ್ದರು. ಅಂಕೋಲಾ, ಕುಮಟಾ ಕಡೆ ಅದಕ್ಕೆ ಬಳಚು ಅನ್ನುತ್ತಾರೆ. ತಾರಿಯಲ್ಲಿ ಕೂತವರು ಅಲ್ಲಿಂದಲೇ ಕೂಗಿ ರಾತ್ರಿ ಸಾರಿಗೆ ಗುಪ್ಪೆ ಲೆಕ್ಕದಲ್ಲಿ ಹೇಳಿಡುತ್ತಿದ್ದರು.

ಒಂದು ಶ್ರಾವಣದ ಸಂಜೆ ಆಯಿಗೆ ಕೊನೇ ತಾರಿ ತಪ್ಪಿತು. ಗಾಳಿ ಜೋರಾಗಿ ಬೇಗ ನಿಲ್ಲಿಸಿದ್ದರು. ಕೋಡಿಬಾಗದಲ್ಲಿ ತಾರಿಯಲ್ಲಿ ಮುಖ ನೋಡಿ ಗೊತ್ತಿದ್ದ ಒಬ್ಬ ಹೆಂಗಸು, "ಬಾ ಗೋ" ಅಂತ ಮನೆಗೆ ಕರೆದುಕೊಂಡು ಹೋದಳು. ಒಲೆ ಪಕ್ಕ ಚಾಪೆ ಹಾಸಿಕೊಟ್ಟಳು. ಮನೆಗೆ ತಿಳಿಸಲು ಫೋನಿಲ್ಲ, ಏನಿಲ್ಲ. ಬೆಳಿಗ್ಗೆ ಮೊದಲ ತಾರಿಗೆ ಆಯಿಯ ಅಪ್ಪ ಹೊಡೆಯಲೆಂದೇ ಕೊಡೆ ಹಿಡಿದು ಬಂದರು. ಆ ಹೆಂಗಸು ಅವರಿಗೂ ಒಂದು ಬಟ್ಟಲು ಪೇಜ್ ಬಡಿಸಿ, ಪಕ್ಕದಲ್ಲಿ ಮಾವಿನ ಮಿಡಿ ಇಟ್ಟಳು. ಗಂಜಿ ಉಂಡವರು ಹೊಡೆಯುವುದು ಹೇಗೆ? ಕೊಡೆ ಅಲ್ಲೇ ಮರೆತು ಬಂದರಂತೆ. ಆಮೇಲೆ ವರ್ಷಗಟ್ಟಲೆ ಹೋಗಿಬರುವುದು ಇತ್ತು. ಚವತಿಗೆ ಇಲ್ಲಿಂದ ಕಾಯಿ, ಅಲ್ಲಿಂದ ನೇವರಿ, ಅಂದರೆ ಕರ್ಜಿಕಾಯಿ. ಬ್ರಿಜ್ ಆದ ಮೇಲೆ ಬಸ್ಸು ಅವರ ಕೇರಿಯ ತಿರುವು ದಾಟಿ ನೇರ ಪೇಟೆಗೆ ಹೋಗತೊಡಗಿತು. ಇಳಿಯುವ ಕಾರಣ ಇರಲಿಲ್ಲ. ಹೋಗಿಬರುವುದು ತಾನಾಗೇ ನಿಂತಿತು.

ಆ ಆಗಸ್ಟಿನ ರಾತ್ರಿ ನಾನು ಆಯಿಯನ್ನು ಎಬ್ಬಿಸಿ, ಹಳೇ ಬ್ರಿಜ್ ಬಿತ್ತು ಅಂದೆ. ಎದ್ದು ಕೂತಳು. ಯಾರಿಗೇನಾಯ್ತು ಅಂತ ಕೇಳಿದಳು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ತಾರಿ ಶುರು ಮಾಡ್ತಾರಾ?" ಅಂದಳು.

"ಹೊಸ ಬ್ರಿಜ್ ಇದೆಯಲ್ಲ ಆಯಿ."

"ಹಾಂ, ಅದೊಂದು ಇದೆ" ಅಂದು ಹೊದಿಕೆ ಎಳೆದುಕೊಂಡಳು.