ವಾರಕ್ಕೊಂದು ಜರ್ಮನ್ ಕ್ರಿಯಾಪದ: ಏಳನೆಯದು, ವೇರ್ಡೆನ್

ವಾರಕ್ಕೊಂದು ಎಂಬ ನನ್ನ ನಿಯಮ ಮೊದಲ ಬಾರಿ ಮುರಿಯಿತು. ವೇರ್ಡೆನ್‌ಗೆ ಹನ್ನೊಂದು ದಿನ ಹಿಡಿಯಿತು.

ಮೊದಲ ದಿನ: ಅರ್ಥ ‘ಆಗು’. ‘ಎಸ್ ವಿರ್ಟ್ ಕಾಲ್ಟ್’ ಎಂದರೆ ಚಳಿಯಾಗುತ್ತಿದೆ. ಇದೇನು ಮಹಾ ಎಂದು ನೋಟ್‌ಬುಕ್ ಮುಚ್ಚಿದೆ.

ಮೂರನೆಯ ದಿನ: ರೂಪಗಳು. ನಾನು ವೇರ್ಡೆ, ನೀನು ವಿರ್ಸ್ಟ್, ಅವನು ವಿರ್ಟ್. ನಾವು ವೇರ್ಡೆನ್, ನೀವು ವೇರ್ಡೆಟ್, ಅವರು ವೇರ್ಡೆನ್. ಭೂತಕಾಲಕ್ಕೆ ವುರ್ಡೆ. ವಿರ್ಟ್ ಎಂಬುದರ ಬರವಣಿಗೆಯಲ್ಲಿ ಕೊನೆಗಿರುವುದು ಡಕಾರ. ಪದದ ಕೊನೆಯ ಡಕಾರವನ್ನು ಜರ್ಮನ್ನರು ಟಕಾರವಾಗಿಯೇ ನುಡಿಯುತ್ತಾರೆ.

ಐದನೆಯ ದಿನ: ಕರ್ಮಣಿ ಪ್ರಯೋಗ. ‘ಡೇರ್ ಟುರ್ಮ್ ವಿರ್ಟ್ ಗೆಬೌಟ್’, ಗೋಪುರವನ್ನು ಕಟ್ಟಲಾಗುತ್ತಿದೆ. ನಮ್ಮ ‘ಕಟ್ಟಲಾಗುತ್ತಿದೆ’ಯ ಒಳಗೂ ‘ಆಗು’ವೇ ಕುಳಿತಿದೆ! ಸರ್ಕಾರಿ ಪ್ರಕಟಣೆಗಳ ‘ಈ ಮೂಲಕ ತಿಳಿಸಲಾಗಿದೆ’ ನನಗೆ ಇಷ್ಟವಾದದ್ದು ಜೀವನದಲ್ಲಿ ಇದೊಂದೇ ಸಲ. ಆ ಹುಮ್ಮಸ್ಸಿನಲ್ಲೇ ಎಡವಿದೆ. ಕನ್ನಡದಲ್ಲಿ ‘ಗೋಪುರವನ್ನು’ ಎಂದು ದ್ವಿತೀಯಾ ವಿಭಕ್ತಿ ಉಳಿಯುತ್ತದಲ್ಲ, ಹಾಗೆಂದು ಅಲ್ಲಿಯೂ ‘ಡೇನ್ ಟುರ್ಮ್’ ಎಂದು ಬರೆದೆ. ತಪ್ಪು, ಜರ್ಮನ್‌ನಲ್ಲಿ ಗೋಪುರ ಪ್ರಥಮಾ ವಿಭಕ್ತಿಗೆ ಬರಲೇಬೇಕು. ‘ಕಟ್ಟಲಾಗಿದೆ’ ಎನ್ನುವಾಗ ‘ಗೆಬೌಟ್ ಗೆವೊರ್ಡೆನ್’ ಎಂದದ್ದೂ ತಪ್ಪೇ. ವೈದ್ಯನಾದ ಎನ್ನಲು ಗೆವೊರ್ಡೆನ್ ಸರಿ, ಕರ್ಮಣಿಯಲ್ಲಿ ಬರಿಯ ವೊರ್ಡೆನ್.

ಎಂಟನೆಯ ದಿನ: ಭವಿಷ್ಯತ್ತು. ಇಲ್ಲಿ ‘ಆಗು’ ಕೈಕೊಟ್ಟಿತು. ಜೊತೆಗೆ ಕ್ರಿಯೆಯ ಮೂಲರೂಪ ಬಂದರೆ ಭವಿಷ್ಯತ್ತು, ಭೂತಕೃದಂತ ಬಂದರೆ ಕರ್ಮಣಿ ಎಂಬ ಗುರುತು ಇಟ್ಟುಕೊಂಡಿದ್ದೇನೆ. ಆದರೆ ‘ನಾಳೆ’ ಎಂಬ ಪದವಿದ್ದರೆ ಜರ್ಮನ್ನರಿಗೆ ನಮ್ಮಂತೆ ವರ್ತಮಾನದ ರೂಪವೇ ಸಾಕು. ‘ಎರ್ ವಿರ್ಟ್ ಟ್ಸು ಹೌಸೆ ಝೈನ್’ ಎಂಬುದಂತೂ ಎಷ್ಟೋ ವೇಳೆ ಬರಿಯ ಊಹೆ: ಅವನು ಮನೆಯಲ್ಲಿದ್ದಾನು. ಶಾಲೆಯ ಸಂಭಾವನಾರ್ಥಕ ರೂಪಕ್ಕೆ ಕೊನೆಗೂ ಕೆಲಸ ಸಿಕ್ಕಿತು.

ಹನ್ನೊಂದನೆಯ ದಿನ: ಹುಟ್ಟು. ಇದರ ಇಂಡೋ-ಯುರೋಪಿಯನ್ ಧಾತುವಿನ ಅರ್ಥ ‘ತಿರುಗು’. ಲ್ಯಾಟಿನ್ನಿನ ವೆರ್ಟೆರೆ, ಸಂಸ್ಕೃತದ ವರ್ತತೇ ಅದೇ ಬೇರಿನವು. ಹಾಗಾಗಿ ನಾವು ಸಂಸ್ಕೃತದಿಂದ ಪಡೆದ ವೃತ್ತ, ಪರಿವರ್ತನೆ, ವರ್ತಮಾನಗಳೂ ವೇರ್ಡೆನ್‌ಗೆ ದಾಯಾದಿಗಳು. ಜರ್ಮನ್ನಿಗೆ ಭವಿಷ್ಯತ್ತನ್ನು ಕಟ್ಟಿಕೊಡುವ ಪದ ನಮ್ಮ ‘ವರ್ತಮಾನ’ದ ನೆಂಟ! ಹಳೆಯ ಭೂತಕಾಲದ ಏಕವಚನ ‘ವರ್ಟ್’ ಎಂದಿತ್ತು. ಬಹುವಚನದ ಸ್ವರವನ್ನು ಅನುಸರಿಸಿ ಅದು ವುರ್ಡೆ ಆಯಿತು. ಲೂಥರನ ಬೈಬಲ್ಲಿನಲ್ಲಿ ಬೆಳಕು ಮೂಡುವ ವಾಕ್ಯದಲ್ಲಿ ವರ್ಟ್ ಇನ್ನೂ ಇದೆ.

‘ಹಾಗಾದರೆ ಹೀಗೆ ಮಾಡುತ್ತಿದ್ದೆ’ ಎಂಬಂಥ ಕಲ್ಪನೆಗೆ ಬಳಸುವ ಇದರದೇ ರೂಪ, ವ್ಯುರ್ಡೆ, ಬಾಕಿ. ಅದಕ್ಕೆ ಇನ್ನೊಂದು ವಾರ.